ಪತ್ತನಾಜೆಗೆ ಮುಂಚೆ ಗೆಜ್ಜೆ ಬಿಚ್ಚಿದವರು

ದಸರೆಯ ಮರುದಿನ. 2024ರ ಅಕ್ಟೋಬರ್ 13, ಭಾನುವಾರ. ಡೊಂಬಿವಲಿಯ ನಮ್ಮ ಮನೆ ಬಾಗಿಲಿಗೆ ಕಟ್ಟಿದ್ದ ಚೆಂಡು ಹೂವಿನ ಮಾಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಅವತ್ತು ಸುದೀಪ್ ನಾಲ್ಕು ಸಾಲು ಬರೆದು ಹಾಕಿದರು. ಬಿಗ್ ಬಾಸ್ ಕನ್ನಡದ ನಿರೂಪಕನಾಗಿ ಇದೇ ತಮ್ಮ ಕೊನೆಯ ಸೀಸನ್ ಎಂಬುದು ಅದರ ಸಾರ. ಹನ್ನೊಂದನೇ ಸೀಸನ್ ಶುರುವಾಗಿ ಆಗ ಬರೀ ಎರಡು ವಾರ.

ಅತ್ತೆ ಕೈಯಲ್ಲಿದ್ದ ರಿಮೋಟ್ ಕೆಳಗಿಟ್ಟರು. "ಅವ್ರು ಹೋದ್ರೆ ನಾನು ನೋಡೋದೇ ಇಲ್ಲ" ಅಂದರು. ಮಾವ ಪೇಪರಿನಿಂದ ತಲೆ ಎತ್ತದೆ, "ಇದನ್ನ ಮೊದಲೂ ಹೇಳಿದ್ದೆ ನೀನು, ಆ ಇನ್ನೊಂದು ಧಾರಾವಾಹಿಗೆ" ಅಂದರು. ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷ ಆಯಿತು.

ಮರುದಿನ ಬೆಳಗ್ಗೆ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬದಲ್ಲೂ ಅದೇ ಮಾತು. ನಾವು ನಾಲ್ಕು ಜನ ಕನ್ನಡದವರು ಒಟ್ಟಿಗೆ ಹೋಗುತ್ತೇವೆ. ಸೀಟು ಸಿಕ್ಕರೆ ಇಬ್ಬರಿಗೆ, ಇಲ್ಲದಿದ್ದರೆ ಎಲ್ಲರೂ ನಿಂತೇ. ಒಬ್ಬಳು, "ಏನೋ ಅವಮಾನ ಆಗಿದೆ, ಸುಮ್ನೆ ಯಾರು ಬಿಡ್ತಾರೆ?" ಅಂದಳು. ಇನ್ನೊಬ್ಬರು, "ದೊಡ್ಡವರಾದ ಮೇಲೆ ಹಾಗೇ ಅಕ್ಕ, ಬಿಡ್ತೇನೆ ಅಂದ್ರೆ ಬೆಲೆ ಏರುತ್ತೆ" ಅಂದರು. ಠಾಣೆ ಬರುವ ಹೊತ್ತಿಗೆ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಿದ್ದರು. ನಿಜ ಏನು ಅನ್ನೋದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ವಾಭಿಮಾನ, ಸೊಕ್ಕು, ಉಪಕಾರ ಸ್ಮರಣೆ, ಇದೇ ಸುತ್ತ ಮಾತು ತಿರುಗಿತು. ಕರಾರು, ಸ್ಲಾಟು, ಹಕ್ಕು ಎಂಬ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಇಲ್ಲ.

ನಾನು ಹೇಳಹೊರಟಿದ್ದು ಟಾಕ್ ಶೋ, ಅಂದರೆ ಮಾತಿನ ಕಾರ್ಯಕ್ರಮ, ಬಿಟ್ಟುಹೋಗುವವರ ಬಗ್ಗೆ. ಬಿಗ್ ಬಾಸ್ ಟಾಕ್ ಶೋ ಹೇಗೆ ಆಗುತ್ತದೆ ಎಂದು ಕೇಳಬಹುದು. ವಾರದ ಐದು ದಿನ ಅಲ್ಲ. ಆದರೆ 'ವಾರದ ಕಥೆ ಕಿಚ್ಚನ ಜೊತೆ' ಬರುವ ಶನಿವಾರ ನಡೆಯೋದು ಮಾತೇ. ಒಬ್ಬ ಮನುಷ್ಯ ನಿಂತು ಕೇಳುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ, ನಾವು ಅವನ ಮುಖ ನೋಡುತ್ತೇವೆ. ನಮ್ಮ ಮನೆಯಲ್ಲಿ ಜಾಸ್ತಿ ಜನ ಕೂರೋದು ಅವತ್ತೇ. ಅಂಥ ಮನುಷ್ಯ ಕುರ್ಚಿ ಬಿಟ್ಟಾಗ ನೋಡುವವರು ಯಾಕೆ ಇಷ್ಟು ಜಗಳ ಆಡುತ್ತಾರೆ? ಕೆಲವರು ಹೋದಾಗ ಗದ್ದಲ, ಕೆಲವರು ಹೋದಾಗ ಹೂವಿನ ಹಾರ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಮುಂಬೈಯ ಕರಾವಳಿ ಕನ್ನಡಿಗರಿಗೆ ಇದನ್ನು ಹೇಳೋಕೆ ಯಕ್ಷಗಾನದ ಮೇಳ ಸಾಕು. ಮೇಳಗಳ ತಿರುಗಾಟ ಹೆಚ್ಚುಕಡಿಮೆ ನವೆಂಬರ್‌ನಲ್ಲಿ ಶುರುವಾಗುತ್ತದೆ. ಮೇ ತಿಂಗಳ 24ರ ಆಸುಪಾಸು ಬರುವ, ತುಳುವರು ಪತ್ತನಾಜೆ ಎನ್ನುವ ದಿನಕ್ಕೆ ಮುಗಿಯುತ್ತದೆ. ಅವತ್ತು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಗಾಲ. ಕಲಾವಿದರು ತಂಡ ಕಟ್ಟಿಕೊಂಡು ನಮ್ಮಲ್ಲಿಗೆ ಬಂದು ಕುರ್ಲಾ, ಮಾಟುಂಗಾ, ಡೊಂಬಿವಲಿ ಅಂತ ಸಭಾಂಗಣಗಳಲ್ಲಿ ಆಟ ಆಡೋದು ಆಗಲೇ. ಬರುವ ವರ್ಷ ಯಾರು ಯಾವ ಮೇಳಕ್ಕೆ ಎಂಬ ಮಾತುಕತೆ ಕುದುರೋದೂ ಆಗಲೇ. ಮಳೆಗಾಲದಲ್ಲಿ ಮೇಳ ಬದಲಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ತಿರುಗಾಟದ ನಡುವೆ ಬಿಟ್ಟರೆ ಅಥವಾ ಬಿಡಿಸಿದರೆ ಮಾತ್ರ ಊರೆಲ್ಲ ಸುದ್ದಿ.

2019ರ ನವೆಂಬರ್ ನೆನಪಿರಬಹುದು. ಕಟೀಲು ಮೇಳದ ತಿರುಗಾಟ ಶುರುವಾದ ಹೊತ್ತಿನಲ್ಲೇ ರಂಗಸ್ಥಳಕ್ಕೆ ಬಂದ ಭಾಗವತ ಪಟ್ಲ ಸತೀಶ್ ಶೆಟ್ಟಿ ಅವರಿಗೆ ಹಾಡಲು ಅವಕಾಶ ಕೊಡದೆ ಇಳಿಸಲಾಯಿತು. ಮಾವ ಆಗ ಇನ್ನೂ ಹೋಟೆಲ್ ನೋಡಿಕೊಳ್ಳುತ್ತಿದ್ದರು. ಎರಡು ವಾರ ಗಲ್ಲಾದ ಮುಂದೆ ಅದೇ ಚರ್ಚೆ. ಬಿಲ್ ಕೊಡಲು ಬಂದವರು ಚಿಲ್ಲರೆ ಮರೆತು ನಿಲ್ಲುತ್ತಿದ್ದರು. ಮೇಳದ ಶಿಸ್ತು ದೊಡ್ಡದು ಅಂತ ಒಂದು ಕಡೆ, ಕಲಾವಿದನಿಗೆ ಎಲ್ಲರೆದುರು ಹಾಗೆ ಮಾಡಬಾರದಿತ್ತು ಅಂತ ಇನ್ನೊಂದು ಕಡೆ. ನ್ಯಾಯ ಯಾರ ಕಡೆ ಎಂದು ತೀರ್ಮಾನ ಮಾಡುವಷ್ಟು ಒಳಗಿನ ಸಂಗತಿ ನನ್ನ ಬಳಿ ಇಲ್ಲ. ನನಗೆ ಕಂಡಿದ್ದು ಬೇರೆ. ಅದೇ ಮಾತು ಮಳೆಗಾಲದಲ್ಲಿ, ಒಂದು ಕೋಣೆಯೊಳಗೆ ನಡೆದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ, ಬಣ್ಣ ಹಚ್ಚುವ ಚೌಕಿಯಿಂದ ಹೊರಗೆ ಬಂದ ಮೇಲೆ, ಜನ ಕೂತ ಮೇಲೆ ನಡೆದದ್ದೇ ನೋವು. ಮುಂದಿನ ವರ್ಷ ಅವರ ಸಾರಥ್ಯದಲ್ಲಿ ಪಾವಂಜೆ ಮೇಳ ಶುರುವಾಯಿತು. ಪ್ರೇಕ್ಷಕರಲ್ಲಿ ಒಂದು ಪಾಲು ಅವರ ಜೊತೆಗೇ ಹೋಯಿತು.

ಟಿವಿ ನಿರೂಪಕನೂ ಒಂಥರಾ ಭಾಗವತನೇ. ಪ್ರಸಂಗ ಯಾವುದಾದರೂ ಇರಲಿ, ವೇಷ ಯಾರದಾದರೂ ಇರಲಿ, ಆಟ ಹಿಡಿದಿಡೋದು ಅವನ ದನಿ.

ಈಗ ಅಮೆರಿಕದ ಕಥೆಗೆ ಬರುತ್ತೇನೆ. ಇಂಥ ಜಗಳಗಳಲ್ಲಿ ಇಷ್ಟು ವಿವರವಾಗಿ ದಾಖಲಾದದ್ದು ಕಡಿಮೆ. ಎನ್‌ಬಿಸಿ ವಾಹಿನಿಯ 'ದಿ ಟುನೈಟ್ ಶೋ' 1954ರಿಂದ ನಡೆಯುತ್ತಿರುವ ಕಾರ್ಯಕ್ರಮ. ಅದರ ಕುರ್ಚಿಯಲ್ಲಿ ಜೇ ಲೆನೋ ಇದ್ದರು. ಅವರ ನಂತರ ಬರುವ ಕಾರ್ಯಕ್ರಮವನ್ನು ಕೋನನ್ ಒ'ಬ್ರಯನ್ 1993ರಿಂದ ನಡೆಸುತ್ತಿದ್ದರು. ಕೋನನ್ ಬೇರೆ ವಾಹಿನಿಗೆ ಹೋಗಿಬಿಡುತ್ತಾರೆ ಎಂಬ ಭಯಕ್ಕೆ 2004ರಲ್ಲಿ ಎನ್‌ಬಿಸಿ ಒಂದು ಮಾತು ಕೊಟ್ಟಿತು. 2009ರಲ್ಲಿ ಕುರ್ಚಿ ನಿಮ್ಮದು. ಐದು ವರ್ಷ ಮುಂಚಿನ ನಿಶ್ಚಿತಾರ್ಥ! ಈ ನಡುವೆ ಲೆನೋ ಸೋಲಲಿಲ್ಲ, ಮೊದಲ ಸ್ಥಾನದಲ್ಲೇ ಉಳಿದರು. ಐದು ವರ್ಷ ಕಳೆದಾಗ ಹೊಸ ಭಯ. ಲೆನೋ ಬೇರೆ ಕಡೆ ಹೋದರೆ? ಅದಕ್ಕೆ ಅವರಿಗೆ ರಾತ್ರಿ 10ಕ್ಕೆ ದಿನವೂ ಒಂದು ಕಾರ್ಯಕ್ರಮ ಕೊಟ್ಟರು. ಹಳೇ ಬಾಡಿಗೆದಾರನನ್ನು ಬಿಡಿಸಲೂ ಮನಸ್ಸಿಲ್ಲ, ಹೊಸಬನಿಂದ ಮುಂಗಡ ತೆಗೆದುಕೊಂಡಾಗಿದೆ. ಅದಕ್ಕೆ ಒಂದೇ ಮನೆಯ ಕೀಲಿ ಇಬ್ಬರಿಗೂ ಕೊಟ್ಟ ಹಾಗೆ.

2009ರ ಜೂನ್ 1ಕ್ಕೆ ಕೋನನ್ ಶುರು ಮಾಡಿದರು. ಸೆಪ್ಟೆಂಬರ್‌ನಲ್ಲಿ ಲೆನೋ ಅವರ 10 ಗಂಟೆಯ ಕಾರ್ಯಕ್ರಮ ಬಂತು. ಜನ ನೋಡಲಿಲ್ಲ. ಇಲ್ಲಿಂದ ಮುಂದಿನದನ್ನು ಧಾರಾವಾಹಿ ನೋಡುವವರು ಥಟ್ಟನೆ ಹಿಡಿಯುತ್ತಾರೆ. ಏಳೂವರೆಗೆ ಒಂದು ವಾಹಿನಿಯಲ್ಲಿ ಕೂತವರು ಎಂಟಕ್ಕೂ ಅಲ್ಲೇ ಇರುತ್ತಾರೆ, ರಿಮೋಟ್ ಹುಡುಕುವ ಸೋಮಾರಿತನಕ್ಕಾದರೂ. ಅಮೆರಿಕದಲ್ಲಿ 10ರ ನಂತರ 11ಕ್ಕೆ ಸ್ಥಳೀಯ ಸ್ಟೇಷನ್‌ಗಳ ಸುದ್ದಿ ಬರುತ್ತದೆ. ಆ ಸ್ಟೇಷನ್‌ಗಳ ದುಡಿಮೆಯಲ್ಲಿ ಸುದ್ದಿಯ ಜಾಹೀರಾತು ದೊಡ್ಡ ಪಾಲು. 10 ಗಂಟೆ ಬಿದ್ದಿತು, ಅದರ ಹಿಂದೆ 11 ಬಿದ್ದಿತು, 11ರ ಹಿಂದೆ ಕೋನನ್ ಅವರ 11:35 ಕೂಡ ಕುಸಿಯಿತು. ಸ್ಟೇಷನ್‌ಗಳು ಗಲಾಟೆ ಮಾಡಿದವು. 2010ರ ಜನವರಿಯಲ್ಲಿ ಎನ್‌ಬಿಸಿ ಹೊಸ ಸೂತ್ರ ಹೇಳಿತು. 11:35ಕ್ಕೆ ಅರ್ಧ ಗಂಟೆ ಲೆನೋ, ಟುನೈಟ್ ಶೋ 12:05ಕ್ಕೆ.

ಕೋನನ್ ಜನವರಿ 12ರಂದು ಒಂದು ಪತ್ರ ಬಿಡುಗಡೆ ಮಾಡಿದರು. ಹೀಗೆ ಮಾಡಿದರೆ ಈ ಕಾರ್ಯಕ್ರಮದ ಕಥೆ ಮುಗಿಯುತ್ತದೆ, ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ ಎಂಬುದು ಅದರ ತಿರುಳು. ಮಧ್ಯರಾತ್ರಿ ದಾಟಿದ ಮೇಲೆ ಬರುವುದು 'ಟುನೈಟ್' ಹೇಗಾಗುತ್ತದೆ? ಒಳ್ಳೆಯ ಪತ್ರ. ನಗು ಇತ್ತು, ನೋವು ಇತ್ತು, ಕಾರ್ಯಕ್ರಮದ ಮೇಲಿನ ಭಕ್ತಿಯೂ ಇತ್ತು. ಜಾಣತನವೂ ಇತ್ತು, ಅದನ್ನು ಮರೆಯಬಾರದು. ಅವರ ಕರಾರಿನಲ್ಲಿ 11:35 ಎಂಬ ಸಮಯವನ್ನೇ ಬರೆಸಿರಲಿಲ್ಲ ಎಂಬ ಮಾತು ಆಗ ತುಂಬ ಓಡಾಡಿತು. ಕಾಗದದಲ್ಲಿ ಇಲ್ಲದ ಬಲ ಆ ಪತ್ರದಿಂದ ಸಿಕ್ಕಿತು. ಜನ ಕಿತ್ತಳೆ ಬಣ್ಣ ಹಚ್ಚಿಕೊಂಡು ಬೀದಿಗಿಳಿದರು. ಕೋನನ್ ಅವರ ಕೂದಲಿನ ಬಣ್ಣ ಅದು.

ಜನವರಿ 22 ಕೊನೆಯ ಕಂತು. ಒಪ್ಪಂದದ ಮೊತ್ತ ಸುಮಾರು 4.5 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 200 ಕೋಟಿ ರೂಪಾಯಿ ಹತ್ತಿರ. ಅದರಲ್ಲಿ ಸುಮಾರು 1.2 ಕೋಟಿ ಡಾಲರ್ ಅವರ ಸಿಬ್ಬಂದಿಗೆ. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಸಂಸಾರ ಸಮೇತ ಬಂದು, ಏಳು ತಿಂಗಳಿಗೆ ಕೆಲಸ ಕಳೆದುಕೊಂಡವರು ಅವರಲ್ಲಿ ಅನೇಕರು. ಸೆಪ್ಟೆಂಬರ್‌ವರೆಗೆ ಟಿವಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂಬ ಷರತ್ತೂ ಇತ್ತು. ಕೋನನ್ ಊರೂರು ಸುತ್ತಿ ವೇದಿಕೆ ಕಾರ್ಯಕ್ರಮ ಕೊಟ್ಟರು. ಟಿವಿಯಲ್ಲಿ ತಮಾಷೆ ಮಾಡಲು ತನಗೆ ಕಾನೂನಿನ ತಡೆ ಇದೆ ಎಂಬುದನ್ನೇ ಆ ಪ್ರವಾಸದ ಹೆಸರು ಮಾಡಿಕೊಂಡರು. ಮಾರ್ಚ್ 1ಕ್ಕೆ ಲೆನೋ ಹಳೇ ಕುರ್ಚಿಗೆ ವಾಪಸ್ ಬಂದರು.

ನೋಡುವವರು ಕೋನನ್ ಪಕ್ಷ, ಲೆನೋ ಪಕ್ಷ ಎಂದು ಒಡೆದರು. ಲೆನೋ ಕಥೆಯ ಖಳನಾದರು. ಅಲ್ಲಾ, 2004ರಲ್ಲಿ ಮಾತು ಕೊಟ್ಟದ್ದು ಯಾರು? ಇಬ್ಬರಿಗೂ ಕೀಲಿ ಕೊಟ್ಟದ್ದು ಯಾರು? ಆಗ ಎನ್‌ಬಿಸಿಯ ಮೇಲಿದ್ದವರು ಜೆಫ್ ಝುಕರ್. ಇವತ್ತು ಈ ಜಗಳದ ಮಾತು ಬಂದರೆ ಎಷ್ಟು ಜನ ಆ ಹೆಸರು ಎತ್ತುತ್ತಾರೆ? ಯಜಮಾನ ಒಳಗೆ ಕಾಫಿ ಕುಡಿಯುತ್ತಿರುತ್ತಾನೆ. ಇಬ್ಬರು ಕೆಲಸದವರು ಅಂಗಳದಲ್ಲಿ ಹೊಡೆದಾಡುತ್ತಾರೆ. ಬೇಲಿ ಮೇಲೆ ಕೂತ ನಾವು ಅವರಿಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತೇವೆ.

ಇನ್ನೊಂದು ಸಂಗತಿ ಇದೆ, ಅದು ಸ್ವಲ್ಪ ಕಹಿ. ಕೋನನ್ ಅವರ ಕೊನೆಯ ಎರಡು ವಾರ ನೋಡುವವರ ಸಂಖ್ಯೆ ಚಿಮ್ಮಿತು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಆ ಜನ ಎಲ್ಲಿದ್ದರು? ಇದ್ದಾಗ ಬಾಗಿಲು ತಟ್ಟದ ನೆಂಟರೆಲ್ಲ ಸತ್ತ ಮೇಲಿನ ಬೊಜ್ಜದ ಊಟಕ್ಕೆ ಬಂದ ಹಾಗೆ. ಇಷ್ಟೆಲ್ಲ ಆದ ಮೇಲೆ ವಾಪಸ್ ಬಂದ ಲೆನೋ ಮತ್ತೆ ಮೊದಲ ಸ್ಥಾನಕ್ಕೆ ಏರಿದರು. ಬೀದಿಯ ಕೂಗು ಒಂದು ಕಡೆ, ಸೋಫಾದ ಲೆಕ್ಕ ಇನ್ನೊಂದು ಕಡೆ.

ಆ ಲೆಕ್ಕದ ವಿಷಯ ನಮಗೂ ಸಂಬಂಧಿಸಿದ್ದೇ. ಭಾರತದಲ್ಲಿ ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆ ಇರೋದು ಇದೇ ಮುಂಬೈಯಲ್ಲಿ. ದೇಶದಲ್ಲಿ 50 ಸಾವಿರಕ್ಕೂ ಸ್ವಲ್ಪ ಜಾಸ್ತಿ ಮನೆಗಳಲ್ಲಿ ಮೀಟರ್ ಇಟ್ಟು ಕೋಟಿಗಟ್ಟಲೆ ಜನರ ನೋಟವನ್ನು ಅಂದಾಜು ಮಾಡುತ್ತದೆ. 2020ರಲ್ಲಿ ಆ ಮೀಟರ್ ಮನೆಗಳಿಗೇ ದುಡ್ಡು ಕೊಟ್ಟು ಲೆಕ್ಕ ತಿರುಚಿದ್ದಾರೆ ಎಂದು ಮುಂಬೈ ಪೊಲೀಸರು ಆರೋಪ ಮಾಡಿದ್ದು ನೆನಪಿರಬಹುದು. ಕನ್ನಡ ವಾಹಿನಿಗಳ ವಾರದ ಪಟ್ಟಿ ಬರೋದು ಕರ್ನಾಟಕದ ಮನೆಗಳ ಲೆಕ್ಕದಿಂದ. ಅಂದರೆ ಡೊಂಬಿವಲಿಯಲ್ಲಿ ಕೂತು ನಮ್ಮ ಅತ್ತೆ ಬಿಗ್ ಬಾಸ್ ನೋಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಮಾತು ನಾನು ಅವರಿಗೆ ಹೇಳಿಲ್ಲ. ಬಿಗ್ ಬಾಸ್ ಕನ್ನಡದ ಮೊದಲ ಸೀಸನ್‌ನ ಮನೆ ಇದ್ದದ್ದು ಇಲ್ಲೇ ಲೋಣಾವಳದಲ್ಲಿ, 2013ರಲ್ಲಿ. ಆ ಘಾಟಿಯಲ್ಲಿ ಬಸ್ಸು ಹೋಗುವಾಗೆಲ್ಲ ಅತ್ತೆ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲೇ ಎಲ್ಲೋ" ಅನ್ನುತ್ತಾರೆ.

ಗೊರೆಗಾಂವ್ ಫಿಲ್ಮ್ ಸಿಟಿಯ ಕಥೆ ಇನ್ನೂ ಗೋಜಲು. ಹಿಂದಿಯ 'ಕಾಮೆಡಿ ನೈಟ್ಸ್ ವಿತ್ ಕಪಿಲ್' 2013ರಲ್ಲಿ ಕಲರ್ಸ್ ವಾಹಿನಿಯಲ್ಲಿ ಶುರುವಾಯಿತು. ಅತಿಥಿ ಬರುತ್ತಾರೆ, ಕಪಿಲ್ ಶರ್ಮಾ ಮಾತಾಡಿಸುತ್ತಾರೆ, ನಡುವೆ ವೇಷಗಳು ಬಂದು ನಗಿಸುತ್ತವೆ. ಅದರಲ್ಲಿ ಸುನಿಲ್ ಗ್ರೋವರ್ ಹಾಕುತ್ತಿದ್ದ 'ಗುತ್ಥಿ' ಎಂಬ ಹುಡುಗಿ ವೇಷ ಮನೆಮಾತಾಯಿತು. ಅದೇ ವರ್ಷದ ಕೊನೆಗೆ ಸುನಿಲ್ ಹೊರಟರು. ಆಗ ವಾಹಿನಿಯ ಕಂಪನಿ ಪೇಪರಿನಲ್ಲಿ ಪ್ರಕಟಣೆ ಕೊಟ್ಟಿತು. ಗುತ್ಥಿ ಪಾತ್ರ ನಮ್ಮದು, ಬೇರೆ ಯಾರೂ ಬಳಸುವಂತಿಲ್ಲ. ಮುಖ ಸುನಿಲ್ ಅವರದು, ದನಿ ಅವರದು, ನಡಿಗೆ ಅವರದು. ಹೆಸರು ಮಾತ್ರ ವಾಹಿನಿಯದು. 2014ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ 'ಮ್ಯಾಡ್ ಇನ್ ಇಂಡಿಯಾ' ಬಂದಾಗ ಅವರು 'ಚುಟ್ಕಿ' ಆದರು. ಓಡಲಿಲ್ಲ. ಕೆಲವೇ ತಿಂಗಳಲ್ಲಿ ಹಳೇ ಮನೆಗೆ ವಾಪಸ್, ಮತ್ತೆ ಗುತ್ಥಿ.

ಇದು ಮುಂಬೈಯ ಜಿಪುಣತನ ಮಾತ್ರ ಅಲ್ಲ. 1993ರಲ್ಲಿ ಅಮೆರಿಕದ ನಿರೂಪಕ ಡೇವಿಡ್ ಲೆಟರ್‌ಮನ್ ಎನ್‌ಬಿಸಿ ಬಿಟ್ಟು ಸಿಬಿಎಸ್‌ಗೆ ಹೋದಾಗಲೂ ಹೀಗೇ ಆಯಿತು. ಅವರು ಹತ್ತು ವರ್ಷ ಮಾಡಿದ ತಮಾಷೆಯ ತುಣುಕುಗಳು ತನ್ನ ಆಸ್ತಿ ಎಂದಿತು ಎನ್‌ಬಿಸಿ. ಹತ್ತು ತಮಾಷೆ ಸಾಲುಗಳ ಅವರ ಪ್ರಸಿದ್ಧ ಪಟ್ಟಿ ಹೊಸ ಹೆಸರು ಹಚ್ಚಿಕೊಂಡು ಬರಬೇಕಾಯಿತು. ಯಕ್ಷಗಾನದಲ್ಲೂ ವೇಷಭೂಷಣ ಮೇಳದ್ದೇ, ಪೆಟ್ಟಿಗೆ ಮೇಳದ್ದೇ. ಆದರೆ ಒಬ್ಬ ಕಲಾವಿದ ಮೇಳ ಬಿಟ್ಟ ಅಂತ ಅವನು ಹಾಕುತ್ತಿದ್ದ ಮಹಿಷಾಸುರನನ್ನು ಇನ್ನು ಹಾಕಬಾರದು ಎಂದು ಯಜಮಾನರು ಪೇಪರಿಗೆ ಕೊಟ್ಟದ್ದನ್ನು ನಾನಂತೂ ಕೇಳಿಲ್ಲ. ಪುರಾಣಕ್ಕೆ ಹಕ್ಕುದಾರರಿಲ್ಲ, ಪುಣ್ಯಕ್ಕೆ.

ಕಪಿಲ್ ಅವರ ಸರದಿ 2016ರಲ್ಲಿ ಬಂತು. ಅದಕ್ಕೂ ಕೆಲವು ತಿಂಗಳ ಮುಂಚೆ ಕಲರ್ಸ್ ಅದೇ 'ಕಾಮೆಡಿ ನೈಟ್ಸ್' ಹೆಸರನ್ನು ಮುಂದೆ ಇಟ್ಟು, ಕೃಷ್ಣ ಅಭಿಷೇಕ್ ಅವರನ್ನು ಹಾಕಿಕೊಂಡು ಇನ್ನೊಂದು ಕಾರ್ಯಕ್ರಮ ಶುರು ಮಾಡಿತ್ತು. ಮನಸ್ತಾಪ ಪತ್ರಿಕೆಗಳಿಗೆ ಬಂತು. ಜನವರಿ 24ಕ್ಕೆ ಕಪಿಲ್ ಅವರ ಕೊನೆಯ ಕಂತು. ಮುಂದಿನ ವಾರವೇ ಅದೇ ಹೆಸರಿಗೆ 'ಲೈವ್' ಎಂಬ ಬಾಲ ಹಚ್ಚಿ ಕೃಷ್ಣ ಬಂದರು. ಹೆಸರು ವಾಹಿನಿಯ ಹತ್ತಿರ ಉಳಿಯಿತು, ಜನ ಕಪಿಲ್ ಹಿಂದೆ ಹೋದರು. ಏಪ್ರಿಲ್ 23ಕ್ಕೆ ಸೋನಿಯಲ್ಲಿ 'ದಿ ಕಪಿಲ್ ಶರ್ಮಾ ಶೋ' ಶುರು. ಈ ಸಲ ಕಾರ್ಯಕ್ರಮದ ಹೆಸರೇ ಅವರ ಹೆಸರು. ಪೆಟ್ಟು ತಿಂದವನು ಕಲಿತ ಪಾಠ ಆ ಶೀರ್ಷಿಕೆಯಲ್ಲೇ ಇದೆ. 2017ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಿಂದ ಮುಂಬೈಗೆ ಬರುವ ವಿಮಾನದಲ್ಲಿ ಕಪಿಲ್ ಮತ್ತು ಸುನಿಲ್ ನಡುವೆ ಜಗಳವಾಯಿತೆಂದು ವರದಿಗಳು ಬಂದವು. ಕಪಿಲ್ ಎಲ್ಲರೆದುರು ಕ್ಷಮೆ ಕೇಳಿದರು. ಸುನಿಲ್ ಟ್ವಿಟರ್‌ನಲ್ಲೇ ಮನಸ್ಸಿನ ನೋವು ಬರೆದರು, ವಾಪಸ್ ಬರಲಿಲ್ಲ. ಕೆಲವು ತಿಂಗಳಲ್ಲಿ ಕಾರ್ಯಕ್ರಮವೂ ನಿಂತಿತು.

ಆಮೇಲಿನದು ನೋಡಿ. 2018ರ ಕೊನೆಗೆ ಕಪಿಲ್ ಮತ್ತೆ ಶುರು ಮಾಡಿದಾಗ ಅವರ ತಂಡದಲ್ಲಿ ಯಾರಿದ್ದರು? ಅವರ ಜಾಗಕ್ಕೆ ಬಂದಿದ್ದ ಕೃಷ್ಣ! 2024ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದಾಗ ಸುನಿಲ್ ಕೂಡ ಬಂದರು. ವಿಮಾನದ ಜಗಳವನ್ನೇ ತಮಾಷೆ ಮಾಡಿಕೊಂಡು ಪ್ರಚಾರ ಮಾಡಿದರು. 2017ರಲ್ಲಿ ಕಪಿಲ್ ಪಕ್ಷ ವಹಿಸಿ ತಮ್ಮನ ಜೊತೆ ಮಾತು ಬಿಟ್ಟಿದ್ದ ಒಬ್ಬರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಅವರಿಗೆ ಈಗ ಈ ಕಾರ್ಯಕ್ರಮದ ಮೇಲೆ ಸ್ವಲ್ಪ ಸಿಟ್ಟು.

ತಿರುಗಾಟದ ನಡುವೆ ಬಿಡೋದು ಒಂದು ಕಾರಣ, ವೇಷ ಯಾರದು ಅನ್ನೋದು ಇನ್ನೊಂದು. ಆದರೆ ನನ್ನ ಪ್ರಕಾರ ಜಗಳಕ್ಕೆ ಬೆಂಕಿ ಹಚ್ಚೋದು ಮೊದಲು ಹೇಳಿದವರು ಯಾರು ಎಂಬುದು. 2006ರ ಜೂನ್ 27ರಂದು ಅಮೆರಿಕದ 'ದಿ ವ್ಯೂ' ಕಾರ್ಯಕ್ರಮದಲ್ಲಿ ಸ್ಟಾರ್ ಜೋನ್ಸ್ ನೇರಪ್ರಸಾರದಲ್ಲೇ, ನಾನು ಹೊರಡುತ್ತಿದ್ದೇನೆ ಎಂದುಬಿಟ್ಟರು. ಒಂಬತ್ತು ವರ್ಷ ಅಲ್ಲಿ ಕೂತವರು. ಅವರ ಕರಾರನ್ನು ಮುಂದುವರಿಸದಿರಲು ವಾಹಿನಿ ಮೊದಲೇ ತೀರ್ಮಾನಿಸಿತ್ತು. ಎರಡು ದಿನ ಬಿಟ್ಟು ಹೇಳುವುದು ಎಂಬ ಹೊಂದಾಣಿಕೆಯೂ ಆಗಿತ್ತು. ಆ ಎರಡು ದಿನ ಮುಂಚೆ ಆಡಿದ ಮಾತಿಗೆ, ಆ ಕಾರ್ಯಕ್ರಮ ಕಟ್ಟಿದ ಬಾರ್ಬರಾ ವಾಲ್ಟರ್ಸ್ ಕಂಗಾಲಾದರು. ಮರುದಿನದಿಂದಲೇ ಜೋನ್ಸ್ ಅವರಿಗೆ ಕುರ್ಚಿ ಇಲ್ಲ. ಹೋಗುವುದರ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ, ಹೇಳುವ ದಿನದ ಬಗ್ಗೆ ಇತ್ತು.

ಮೊದಲು ಹೇಳಿದವರ ಕಥೆ ಜನರ ತಲೆಯಲ್ಲಿ ಕೂತುಬಿಡುತ್ತದೆ. ಎರಡನೆಯವರು ಏನೇ ಹೇಳಿದರೂ ಅದು ಸಮಜಾಯಿಷಿ. ಪಕ್ಕದ ಮನೆ ಕಾಕು ಮರಾಠಿಯ ಹಾಸ್ಯ ಕಾರ್ಯಕ್ರಮ 'ಚಲಾ ಹವಾ ಯೇವು ದ್ಯಾ' ಬಿಡದೆ ನೋಡುತ್ತಿದ್ದವರು. 2014ರಿಂದ ಅದನ್ನು ಕಟ್ಟಿದ್ದು ನಿಲೇಶ್ ಸಾಬಳೆ. 2024ರಲ್ಲಿ ಅದು ನಿಂತಿತು. 2025ರಲ್ಲಿ ಹೊಸ ನಿರೂಪಕರೊಂದಿಗೆ ಮತ್ತೆ ಬರುವ ಹೊತ್ತಿಗೆ ಜ್ಯೋತಿಷಿಯೊಬ್ಬರು ಸಾಬಳೆ ಅವರ ನಡವಳಿಕೆ ಬಗ್ಗೆ ಬಹಿರಂಗವಾಗಿ ಬರೆದರು. ಸಾಬಳೆ ವಿಡಿಯೊ ಮಾಡಿ, ತಾವು ಸಿನಿಮಾ ಕೆಲಸಕ್ಕಾಗಿ ಬರುತ್ತಿಲ್ಲ, ಯಾರೂ ತೆಗೆದುಹಾಕಿಲ್ಲ ಎಂದರು. ಕಾಕು ಅದನ್ನು ಪೂರ್ತಿ ನೋಡಿದರು. ನೋಡಿ, "ಹಾಗಾದ್ರೆ ಏನೋ ಇದೆ" ಅಂದರು. ಮೌನವಾಗಿದ್ದರೆ ತಪ್ಪು, ಮಾತಾಡಿದರೆ ಇನ್ನೂ ತಪ್ಪು.

ಹಾಗಂತ ನೋಡುವವರು ದಡ್ಡರು ಎಂದು ನಾನು ಹೇಳುತ್ತಿಲ್ಲ. ಅವರು ಗುಣದ ಬಗ್ಗೆಯೇ ಮಾತಾಡೋದಕ್ಕೆ ಕಾರಣ ಇದೆ. ಮಾರಿದ ಸರಕೇ ಅದು. ಅಮೆರಿಕದ ಟಾಕ್ ಶೋ ನಿರೂಪಕಿ ಎಲೆನ್ ಡಿಜೆನರಸ್ ಪ್ರತಿ ಕಂತಿನ ಕೊನೆಗೆ ಒಬ್ಬರಿಗೊಬ್ಬರು ಒಳ್ಳೆಯವರಾಗಿರಿ ಎನ್ನುತ್ತಿದ್ದರು. 2020ರಲ್ಲಿ ಅವರ ಕಾರ್ಯಕ್ರಮದ ಕೆಲಸದ ವಾತಾವರಣದ ಬಗ್ಗೆ ಸಿಬ್ಬಂದಿ ದೂರು ಹೇಳಿದ್ದು ವರದಿಯಾಯಿತು. ಮೂವರು ಹಿರಿಯ ನಿರ್ಮಾಪಕರು ಹೊರಹೋದರು, ಎಲೆನ್ ವೇದಿಕೆಯಲ್ಲೇ ಕ್ಷಮೆ ಕೇಳಿದರು. ಮುಂದಿನ ಸೀಸನ್‌ನಲ್ಲಿ 10 ಲಕ್ಷಕ್ಕೂ ಜಾಸ್ತಿ ನೋಡುಗರು ಕಡಿಮೆಯಾದರು. 2022ರ ಮೇನಲ್ಲಿ ಕಾರ್ಯಕ್ರಮ ಮುಗಿಯಿತು. ಸೋಪು ಮಾರುವವನ ಮನೆ ಜಗಳ ನಮಗೆ ಬೇಡ. ಒಳ್ಳೆಯತನ ಮಾರಿದವರ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಹಕ್ಕು ಕೊಂಡವರಿಗೆ ಇದೆ, ಅಲ್ವಾ?

ಹಿಂದೆ ಈ ರಗಳೆ ಇರಲಿಲ್ಲ. ಮುಂಬೈ ದೂರದರ್ಶನ ಶುರುವಾದ 1972ರಲ್ಲೇ ತಬಸ್ಸುಮ್ ಅವರ 'ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್' ಬಂತು, 1993ರವರೆಗೆ ನಡೆಯಿತು. ಸಿಟ್ಟು ಮಾಡಿಕೊಂಡು ಹೋಗೋಣ ಅಂದರೂ ಬಹುಕಾಲ ಹೋಗಲು ಇನ್ನೊಂದು ಚಾನೆಲ್ ಇರಲಿಲ್ಲ. ಇನ್ನೊಂದು ಚಾನೆಲ್ ಬಂದ ಕೂಡಲೇ ರಗಳೆಯೂ ಬಂತು. 1995ರಲ್ಲಿ ಸ್ಟಾರ್ ಟಿವಿಯ 'ನಿಕ್ಕಿ ಟುನೈಟ್'ನಲ್ಲಿ ಅತಿಥಿಯೊಬ್ಬರು ಗಾಂಧೀಜಿಯ ಬಗ್ಗೆ ಕೆಟ್ಟ ಮಾತಾಡಿದರು. ಸಂಸತ್ತಿನವರೆಗೂ ಗದ್ದಲವಾಯಿತು, ವಾಹಿನಿ ಕ್ಷಮೆ ಕೇಳಿ ಕಾರ್ಯಕ್ರಮವನ್ನೇ ಕಿತ್ತುಹಾಕಿತು. ಮಾತಾಡಿದ್ದು ಅತಿಥಿ, ಕುರ್ಚಿ ಹೋದದ್ದು ನಿರೂಪಕಿ ನಿಕ್ಕಿ ಬೇಡಿ ಅವರದು.

ಈಚಿನ ದೊಡ್ಡ ಪ್ರಕರಣ ಅಮೆರಿಕದ ನಿರೂಪಕ ಸ್ಟೀಫನ್ ಕೋಲ್ಬೇರ್ ಅವರದು. ಅಲ್ಲಿ ಭಾಗವತನನ್ನು ಇಳಿಸಿದ್ದಲ್ಲ, ಮೇಳವನ್ನೇ ಮುಚ್ಚಲು ಹೊರಟದ್ದು. 2025ರ ಜುಲೈ 17ರಂದು ಸಿಬಿಎಸ್ 'ದಿ ಲೇಟ್ ಶೋ'ವನ್ನು 2026ರ ಮೇನಲ್ಲಿ ನಿಲ್ಲಿಸುವುದಾಗಿ ಹೇಳಿತು. ಬರೀ ಹಣಕಾಸಿನ ಕಾರಣ ಎಂದಿತು. ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ನಷ್ಟ ಎಂದು ವರದಿಗಳು ಬಂದವು. ಆ ನಷ್ಟ ನಂಬಲಾಗದ್ದೇನಲ್ಲ. ರಾತ್ರಿ ಹನ್ನೊಂದೂವರೆಗೆ ಟಿವಿ ಮುಂದೆ ಕೂರುವವರು ಎಲ್ಲ ಕಡೆ ಕಡಿಮೆಯಾಗಿದ್ದಾರೆ, ತುಣುಕುಗಳನ್ನು ಬೆಳಗ್ಗೆ ಫೋನಿನಲ್ಲಿ ನೋಡುತ್ತಾರೆ. ಆದರೆ ದಿನಾಂಕಗಳನ್ನು ನೋಡಿ. ಸಿಬಿಎಸ್‌ನ ಮಾಲೀಕ ಕಂಪನಿ ಪ್ಯಾರಾಮೌಂಟ್ ಅದೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು 1.6 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತ್ತು. ಅದನ್ನು ಕೋಲ್ಬೇರ್ ಜುಲೈ 14ಕ್ಕೆ ವೇದಿಕೆಯಲ್ಲೇ ಲಂಚ ಎಂದು ಕರೆದರು. ಮೂರನೇ ದಿನ ಈ ಘೋಷಣೆ. ಇನ್ನೊಂದು ವಾರಕ್ಕೆ, 24ರಂದು, ಆ ಕಂಪನಿಯ ವಿಲೀನಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ವಾಹಿನಿ ಹೇಳಿದ ಕಾರಣ ಪೂರ್ತಿ ನಿಜವೇ ಇರಬಹುದು. ಆದರೂ ಆ ಹತ್ತು ದಿನದ ಸಾಲು ನೋಡಿದವರು ಅನುಮಾನ ಪಟ್ಟರೆ ಅದನ್ನು ಗಾಳಿಮಾತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಸಿಬಿಎಸ್ ಪತ್ತನಾಜೆಗೆ ಕಾದಿತು. ಹತ್ತು ತಿಂಗಳ ಮುನ್ಸೂಚನೆ ಕೊಟ್ಟಿತು, ಸುದ್ದಿಯನ್ನು ಕೋಲ್ಬೇರ್ ಬಾಯಿಂದಲೇ ನೋಡುಗರಿಗೆ ಹೇಳಿಸಿತು. ಸಿಟ್ಟು ಕಾರಣದ ಮೇಲೆ ಬಂತು, ರೀತಿಯ ಮೇಲೆ ಅಷ್ಟಾಗಿ ಬರಲಿಲ್ಲ.

ಈ ಲೆಕ್ಕದಲ್ಲಿ ಸುದೀಪ್ ಎಲ್ಲಿ ನಿಲ್ಲುತ್ತಾರೆ? ತಿರುಗಾಟದ ಶುರುವಿನಲ್ಲೇ ಹೇಳಿದರು, ನಡುವೆ ಗೆಜ್ಜೆ ಬಿಚ್ಚಲಿಲ್ಲ. ಅವರೇ ಮೊದಲು ಹೇಳಿದರು, ಹಾಗಾಗಿ ಕಥೆ ಅವರ ಕೈಯಲ್ಲಿ ಉಳಿಯಿತು. ಹೇಳಿದ ಒಂದು ವಾರಕ್ಕೆ, ಅಕ್ಟೋಬರ್ 20ರಂದು, ಅವರ ತಾಯಿ ತೀರಿಕೊಂಡರು. ಲೇಡೀಸ್ ಡಬ್ಬದಲ್ಲಿ ಸೊಕ್ಕಿನ ಮಾತು ಅಲ್ಲಿಗೆ ನಿಂತಿತು. ಜನವರಿ 26ರ ಫಿನಾಲೆವರೆಗೂ ಅವರು ಬಂದು ನಿಂತರು. ಮೇಳದ ಲೆಕ್ಕದಲ್ಲಿ ಇದು ಮರ್ಯಾದೆಯ ವಿದಾಯ. ಕಾರಣ ಬಿಡಿಸಿ ಹೇಳದೆ ಇದ್ದದ್ದೊಂದೇ ಅದರ ಕೊರತೆ. ಖಾಲಿ ಬಿಟ್ಟ ಜಾಗದಲ್ಲಿ ನಾವು ನಮಗೆ ಬೇಕಾದ್ದನ್ನು ಬರೆದುಕೊಂಡೆವು. ಆಮೇಲೆ 2025ರ ಜೂನ್ ಕೊನೆಗೆ ಪತ್ರಿಕಾಗೋಷ್ಠಿ. ಇನ್ನೂ ನಾಲ್ಕು ಸೀಸನ್ ಅವರೇ. "ಹೇಳಿದ್ನಲ್ಲ ಅಕ್ಕ, ಬೆಲೆ!" ಎಂದರು ರೈಲಿನಲ್ಲಿ ಒಬ್ಬರು. "ಹೇಳಿದ್ನಲ್ಲ, ಮರ್ಯಾದೆ ಕೊಟ್ಟು ಕರೆದ್ರು!" ಎಂದಳು ಇನ್ನೊಬ್ಬಳು. ಇಬ್ಬರೂ ಗೆದ್ದರು.

ಸೆಪ್ಟೆಂಬರ್ ಕೊನೆಯ ಭಾನುವಾರ ಹನ್ನೆರಡನೇ ಸೀಸನ್ ಶುರುವಾಯಿತು. ಅತ್ತೆ ಬೇಗ ಊಟ ಮುಗಿಸಿ ಸೋಫಾದ ಮೂಲೆಯಲ್ಲಿ ಕೂತಿದ್ದರು. ಸುದೀಪ್ ಬಂದರು. ಮಾವ ಪೇಪರ್ ಮಡಿಸಿ, "ಏನು, ನೋಡೋದೇ ಇಲ್ಲ ಅಂದಿದ್ದೆ?" ಅಂದರು.

"ಹೋಗ್ತೇನೆ ಅಂದಿದ್ದು ಅವ್ರು" ಅಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ. "ನಾನೆಲ್ಲಿಗೆ ಹೋಗಿದ್ದೆ? ಇಲ್ಲೇ ಕೂತಿದ್ದೆನಲ್ಲ."